ಪುಡಿಯ ಘಾಟು

"ಪುಡಿ ಘಾಟು ಕಣವ್ವ, ಇನ್ನೇನಿಲ್ಲ. ಒಸಿ ಹೊತ್ತು ಆಚೆ ಕೂತ್ಕೊ," ಎಂದು ಸರಸಮ್ಮ ಕೆಮ್ಮುತ್ತ ಏದುಸಿರು ಬಿಡುತ್ತಿದ್ದ ಮಗಳು ವನಜಾಕ್ಷಿಯ ಕೈಯಿಂದ ಸೊಪ್ಪಿನ ಪುಟ್ಟಿ ಇಸಿದುಕೊಂಡಳು.

ರೇಷ್ಮೆಹುಳ ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದು, ಎಷ್ಟು ಸುರಿದರೂ ಸಾಲದೆಂಬಂತೆ ಸೊಪ್ಪು ಮೇಯುವ ದಿನಗಳು. ಹುಳದ ಬೆಳೆಗೆ ಕೈಜೋಡಿಸಲೆಂದೇ ಸರಸಮ್ಮ ಕುದೂರಿನಿಂದ ಸೋಲೂರಿನ ಅಳಿಯನ ಮನೆಗೆ ಬಂದಿದ್ದಳು. ಹುಳಕ್ಕೆ ರೋಗ ತಾಗದಿರಲೆಂದು ಸುಣ್ಣ ಬೆರೆಸಿದ ಪುಡಿ ಉದುರಿಸಿದ್ದರು. ಆ ಘಾಟಿಗೆ ಕೆಮ್ಮದವರು ಯಾರಿದ್ದಾರೆ? ಮೂರು ತಿಂಗಳ ಬಸುರಿ ಬೇರೆ, ಏದುಸಿರು ಬಾರದೆ ಇನ್ನೇನು? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಆಚೆ ಬಂದವಳು ಜಗುಲಿಯ ಮೇಲೆ ಕೂತ ಮಗಳ ಕಾಲು ನೋಡಿದಳು. ಪಾದ ಊದಿಕೊಂಡು ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿತ್ತು. ಸರಸಮ್ಮ ಬಗ್ಗಿ ಉಂಗುರ ಬಿಡಿಸಲು ನೋಡಿದಳು, ಬರಲಿಲ್ಲ.

ಮಾರನೆಯ ದಿನ ಹುಳವನ್ನು ಅಳಿಯ ಗಂಗರಾಜುವಿಗೆ ಬಿಟ್ಟು, ಮಗಳಿಗೆ ಏಳು ವರ್ಷವಿದ್ದಾಗ ಎದೆ ಕೊಯ್ದು ಹೃದಯ ಸರಿಮಾಡಿದ್ದ ಬೆಂಗಳೂರಿನ ಆಸ್ಪತ್ರೆಗೇ ಅವಳನ್ನು ಕರೆದೊಯ್ದಳು.

"ಆಗ ಮಾಡಿದ ಆಪರೇಷನ್ ಚೆನ್ನಾಗೇ ಆಗಿದೆ," ಎಂದರು ಡಾಕ್ಟರಮ್ಮ. "ಆದರೆ ಒಂದು ಕವಾಟ ವರ್ಷಗಳಿಂದ ಸೋರ್ತಾ ಇದೆ. ಹೃದಯದ ಬಲಭಾಗ ಹಿಗ್ಗಿ ಶಕ್ತಿ ಕುಂದಿದೆ. ವರ್ಷಕ್ಕೊಂದು ಸಲ ಬನ್ನಿ ಅಂದಿದ್ದು ಇದಕ್ಕೇ. ಬಂದು ಎಷ್ಟು ಕಾಲ ಆಯ್ತು?"

ಸರಸಮ್ಮ ಆ ಮಾತು ದಾಟಿಸಿ ಕೇಳಿದಳು, "ಈಗೇನ್ ಮಾಡದು ಡಾಕ್ಟ್ರಮ್ಮ?"

"ಕವಾಟ ಬದಲಿಸಬಹುದು. ಹೋದ ಶಕ್ತಿ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳಲಾರೆ. ಈ ಬಸಿರನ್ನಂತೂ ಈ ಹೃದಯ ತಡೆಯಲ್ಲ, ತೆಗೆಸಬೇಕಾಗುತ್ತೆ. ಮನೆಯವರ ಹತ್ತಿರ ಮಾತಾಡಿ, ಈ ವಾರದಲ್ಲೇ ಬನ್ನಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತಮೇಲೆ ವನಜಾಕ್ಷಿ ಕೇಳಿದಳು, "ವರ್ಸಾ ವರ್ಸಾ ಬರ್ಬೇಕು ಅಂದಿದ್ರಾ ಅವ್ವ?"

"ಅಂದಿದ್ರು."

"ನಂಗ್ಯಾಕೆ ಯೋಳ್ನಿಲ್ಲ?"

ಹುಡುಗಿ ಮೈನೆರೆದ ವರ್ಷವೇ ಸರಸಮ್ಮ ಈ ಕಡೆ ತಲೆಹಾಕುವುದನ್ನು ಬಿಟ್ಟಿದ್ದಳು. ಹೃದಯದ ಆಸ್ಪತ್ರೆಯ ಬಾಗಿಲಲ್ಲಿ ಊರವರ ಕಣ್ಣಿಗೆ ಬಿದ್ದ ಹೆಣ್ಣನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಚಿಕ್ಕಂದಿನಲ್ಲಿ ಹೃದಯದಲ್ಲಿ ತೂತಿತ್ತು, ಮುಚ್ಚಿದ್ದಾರೆ ಎಂದಷ್ಟೇ ಗಂಡಿನವರಿಗೆ ಹೇಳಿ ಧಾರೆ ಎರೆದುಕೊಟ್ಟಿದ್ದಳು.

"ಯಾರಾರ ನೋಡ್ಬುಟ್ರೆ ಗಂಡು ಸಿಕ್ಕಕಿಲ್ಲ ಅಂತ ಕಣ್ ಮಗ," ಎಂದಳು. "ಓಡಾಡ್ಕಂಡು ಚೆಂದಾಗಿದ್ದಲ್ಲ. ವಾಸಿ ಆಗೋಯ್ತು ಅನ್ಕಂಡೆ."

ವನಜಾಕ್ಷಿ ಅಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು, "ನಮ್ಮನೆಯವ್ರಿಗೆ ನೀನೇ ಯೋಳು. ನನ್ ಕೈಲಾಗಕಿಲ್ಲ."

ಸೋಲೂರಿನ ಬಸ್ಸು ಬಂತು. ಸರಸಮ್ಮ ಮಗಳನ್ನು ಹತ್ತಿಸಲು ಕೈ ಚಾಚಿದಳು. ವನಜಾಕ್ಷಿ ಆ ಕೈ ಹಿಡಿಯದೆ ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ, ಅಲ್ಲೇ ನಿಂತು ಉಸಿರೆಳೆದುಕೊಂಡಳು.

"ಬೇಗ ಹತ್ತಮ್ಮ," ಎಂದ ಕಂಡಕ್ಟರ್.

ಅವಳು ಎರಡನೆಯ ಮೆಟ್ಟಿಲಿಗೆ ಕಾಲಿಡುವವರೆಗೂ ಸರಸಮ್ಮನ ಕೈ ಚಾಚಿಕೊಂಡೇ ಇತ್ತು.