ಹಾಲು ಕುಡಿಸುವ ಕೈ

ಚಳಿ ಇಳಿಯುತ್ತಿದ್ದ ಕಾಲ, ಬೆಳಗಿನ ಹಾಲಿನ ಹೊತ್ತು. ದಿನ ತುಂಬುವ ಮೊದಲೇ ಹುಟ್ಟಿದ ನಮ್ಮ ಮೊಮ್ಮಗಳಿಗೆ ಮೂಗಿನ ಟ್ಯೂಬು ತೆಗೆದು ಬಾಟಲಿಯಲ್ಲಿ ಕುಡಿಸಲು ಶುರುಮಾಡಿದ್ದರು. ಸೊಸೆ ಇನ್ನೂ ಮೇಲಿನ ವಾರ್ಡಿನಲ್ಲಿ ಮಲಗಿದ್ದಳು. ಎಳೆಮಕ್ಕಳು ನುಂಗಲು ಕಲಿಯುವುದು ಹೇಗೆಂದು ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಮಗುವಿನ ಕತ್ತಿಗೆ ಗುಂಡಿಯಷ್ಟು ಸಣ್ಣ ಮೈಕು ಅಂಟಿಸಿದ್ದರು. ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಂಡು ಬರಬೇಕಂತೆ. ಸಂಶೋಧನೆ ಮುಗಿಯುವವರೆಗೆ ಒಬ್ಬರೇ ಕುಡಿಸಬೇಕು, ಕೈ ಬದಲಾದರೆ ಮಗುವಿನ ಲಯವೂ ಬದಲಾಗುತ್ತದೆ ಎಂದರು. ಅಜ್ಜಿಯರಿಬ್ಬರಿಂದಲೂ ಒಂದೊಂದು ಸಲ ಕುಡಿಸಿ ನೋಡಿ ಸೊಸೆಯ ತಾಯಿಯನ್ನು, ಅಂದರೆ ನಮ್ಮ ಬೀಗಿತ್ತಿಯನ್ನು ಆರಿಸಿದರು.

ನನ್ನವಳಿಗೆ ಹೊಟ್ಟೆಗೆ ಕಿಚ್ಚು ಬಿದ್ದಂತಾಯಿತು. "ಆರು ಹೆತ್ತವಳಿಗೆ ಮೂರು ಹೆತ್ತವಳು ಬುದ್ಧಿ ಹೇಳಿದಳಂತೆ. ಇಲ್ಲಿ ನೋಡಿದ್ರೆ ಒಂದೇ ಹೆತ್ತವಳು," ಎಂದಳು.

ಬೀಗಿತ್ತಿ ಎಲ್ಲದರಲ್ಲೂ ನಿಧಾನ. ಆಕೆ ಚಪ್ಪಲಿ ಮೆಟ್ಟುವಷ್ಟರಲ್ಲಿ ಬಸ್ಸು ಹೋಗಿರುತ್ತದೆ ಎಂದು ನಾವು ಆಡಿಕೊಂಡದ್ದುಂಟು. ಮಗುವಿಗೆ ಆ ನಿಧಾನವೇ ಒಗ್ಗಿತು. ಅದು ಹುಬ್ಬು ಗಂಟಿಕ್ಕಿದರೆ ಸಾಕು, ಬಾಟಲಿಯನ್ನು ಕೆಳಗೆ ವಾಲಿಸಿ ಉಸಿರಿಗೆ ಬಿಡುವು ಕೊಡುತ್ತಿದ್ದರು. ನನ್ನವಳು ಗಾಜಿನಾಚೆ ನಿಂತಿರುತ್ತಿದ್ದಳು. ಒಳಗೆ ಹಾಲು ಇಳಿದಷ್ಟೂ ಇವಳ ಮುಖ ಇಳಿಯುತ್ತಿತ್ತು. ಕೂಸು ಮೊದಲು ಗುರುತು ಹಿಡಿಯುವುದು ಆಕೆಯನ್ನೇ, ತಾನು ಬರೀ ನೆಂಟಳಾಗಿ ಉಳಿಯುತ್ತೇನೆ ಎಂದು ನನ್ನೆದುರು ಕಣ್ಣೀರು ಹಾಕಿದಳು.

ಸಂಶೋಧನೆ ಮುಗಿಯಿತು. ಸೊಸೆ ಇನ್ನೂ ವಾರ್ಡಿನಲ್ಲೇ ಇದ್ದುದರಿಂದ ಮಗು ನಮ್ಮ ಮನೆಗೆ ಬರಬೇಕಿತ್ತು. ಆದರೆ ಅಲ್ಲಿ ಕುಡಿಸುವವರು ಮೊದಲು ಇಲ್ಲಿ ಕೆಮ್ಮು ಬಾರದಂತೆ ಕುಡಿಸಿ ತೋರಿಸಬೇಕು, ಇಲ್ಲವಾದರೆ ಬೀಗಿತ್ತಿಯ ಜೊತೆಗೇ ಕಳಿಸುತ್ತೇವೆ ಎಂದರು ಡಾಕ್ಟರಮ್ಮ. ನನ್ನವಳು ಕೂತಳು. ಮಗು ಕೆಮ್ಮಿತು. ಇನ್ನೊಮ್ಮೆ ಕೊಟ್ಟಾಗ ತುಟಿ ನೀಲಿಗಟ್ಟಿತು. ಡಾಕ್ಟರಮ್ಮ ಬಾಟಲಿ ತೆಗೆಸಿಬಿಟ್ಟರು.

"ಯಾಕೆ, ನನ್ನ ಕೈಯಲ್ಲೇನು ವಿಷ ಇದೆಯಾ?" ಎಂದಳು ಇವಳು.

ಮೂಲೆಯಲ್ಲಿದ್ದ ಬೀಗಿತ್ತಿ ಎದ್ದರು. "ಅಕ್ಕ, ನೀವು ಮಗುನ ನೋಡ್ತಿಲ್ಲ, ನನ್ನ ನೋಡ್ತಿದ್ದೀರಿ. ನಾನಿಲ್ಲಿದ್ರೆ ಇದು ಆಗೋ ಮಾತಲ್ಲ."

ಮಗುವಿನ ಪಾದ ಮುಟ್ಟಿ ಹೊರಗೆ ನಡೆದರು. ಮಗಳನ್ನು ನೋಡಿ ಹಾಗೇ ಊರಿಗೆ ಹೊರಡುತ್ತೇನೆಂದು ನನಗೆ ಹೇಳಿದರು.

ಮುಂದಿನ ಹಾಲಿಗೆ ನನ್ನವಳು ಗೊಣಗುತ್ತಲೇ ಕೂತಳು. ಆದರೆ ಈ ಸಲ ಕಣ್ಣು ಕೂಸಿನ ಹುಬ್ಬಿನ ಮೇಲಿತ್ತು. ಕೆಮ್ಮು ಬರಲಿಲ್ಲ. ಡಾಕ್ಟರಮ್ಮ ತಲೆಯಾಡಿಸಿದರು. ಹೊರಬಂದು ಇವಳು ಹೇಳಿದ್ದು ಒಂದೇ ಮಾತು: "ಹೋಗ್ತಾನೂ ಗೆದ್ದೇ ಹೋದಳು ನೋಡಿ."