ಎರಡು ಲೋಟ ಹದ

ಅಪ್ಪನನ್ನು ‘ನೀವು’ ಅನ್ನಬೇಕೋ, ‘ನೀನು’ ಅನ್ನಬೇಕೋ?

ಎದ್ದಾಗಿನಿಂದ ಅವಳಿಗೆ ಅದೊಂದೇ ಚಿಂತೆ. ಮಾತು ಬಂದಾಗಿನಿಂದ ನೀನು ಎಂದೇ ಕರೆದವನು. ಇವತ್ತು ಕಾರ್ಖಾನೆಯ ಆರೋಗ್ಯ ತಪಾಸಣೆಯಲ್ಲಿ ಮೇಜಿನ ಈಚೆ ಬರೆದುಕೊಳ್ಳುವ ತಾನು, ಆಚೆ ಅವನು. ಫಾರಮ್ಮಿನ ಮೊದಲ ಪ್ರಶ್ನೆಯೇ ‘ನೀವು ಮದ್ಯಪಾನ ಮಾಡುತ್ತೀರಾ?’ ಎಂದಿದೆ. ಹೆತ್ತವನನ್ನು ಅಷ್ಟು ಜನರ ಎದುರಿಗೆ ಹಾಗೆ ಕೇಳುವುದಕ್ಕೆ ನಾಲಿಗೆ ಹೇಗೆ ಏಳುತ್ತದೆ? ಯಾರಿಗೂ ಹೇಳಲಾಗದ್ದನ್ನೆಲ್ಲ ಸುರಿದುಕೊಳ್ಳುವ ತನ್ನ ಡೈರಿಯಲ್ಲಿ ಅದನ್ನೂ ಬರೆದಿಟ್ಟು ಬಂದಿದ್ದಳು: ‘ಅಪ್ಪ ಇವತ್ತು ನನ್ನ ಮುಂದೆ ಸಾಲಿನಲ್ಲಿ ನಿಲ್ಲುತ್ತಾನೆ. ನಾಚಿಕೆ ಆಗುತ್ತಿರುವುದು ಅವನ ಬಗ್ಗೆಯೋ, ನನ್ನ ಬಗ್ಗೆಯೋ, ಗೊತ್ತಾಗುತ್ತಿಲ್ಲ.’

“ಏಯ್, ನೆಟ್ಟಗೆ ನಿಂತ್ಕೊಳ್ರೋ ಬೋಳಿಮಕ್ಕಳಾ! ಹೆಣ ಹೊರೋಕೆ ಬಂದೋರ ಥರ ಜೋಲಾಡ್ತಿದೀರಲ್ಲೋ!”

ಮೇಸ್ತ್ರಿಯ ದನಿಗೆ ಶೆಡ್ಡಿನ ತಗಡು ಅದುರಿತು. ನಲವತ್ತು ಗಂಡಸರು ಗೋಡೆಗುಂಟ ಸರಿದು ನಿಂತರು. ಎಲ್ಲರ ಕೊರಳಲ್ಲೂ ಹಿತ್ತಾಳೆಯ ಟೋಕನ್ನು. ತೊಗಲು ಹದ ಮಾಡುವ ಈ ಕಾರ್ಖಾನೆಯಲ್ಲಿ ಯಾರಿಗೂ ಹೆಸರಿಲ್ಲ, ನಂಬರು ಮಾತ್ರ. ಹಸಿ ತೊಗಲನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿ, ಸೊಂಟದ ಮಟ್ಟಕ್ಕೆ ಇಳಿದು ತಿರುವಿಹಾಕಿ, ಮೇಲಕ್ಕೆಳೆದು ಕೂದಲು ಹೆರೆಯುವುದು ಇವರ ಕೆಲಸ. ಗುಂಡಿಯ ನಾತ ಮೂಗಿಗೆ ಹೊಡೆದರೆ ಹೊಸಬರು ನಿಂತಲ್ಲೇ ಕಾರಿಕೊಳ್ಳುತ್ತಾರೆ.

“ಇವತ್ತು ಹದ ಇಲ್ಲ. ಡಾಕ್ಟರು ಹೋಗೋವರೆಗೂ ಯಾವನೂ ಅದರ ಸುದ್ದಿ ಎತ್ತಂಗಿಲ್ಲ. ಎತ್ತಿದೋನ ಟೋಕನ್ ಕಿತ್ಕೊಂಡು ಕತ್ತು ಹಿಡಿದು ಆಚೆಗೆ ದಬ್ತೀನಿ,” ಎಂದ ಮೇಸ್ತ್ರಿ.

“ಹದ ಇಲ್ದೆ ತೊಗಲು ಹೆಂಗೆ ಮೆತ್ತಗಾಗ್ತದೆ ಮೇಸ್ತ್ರಿ?” ಸಾಲಿನ ನಡುವಿನಿಂದ ಒಬ್ಬ ಕೇಳಿದ. ನಿದ್ದೆಯಲ್ಲೂ ಬಾಯಿ ಮುಚ್ಚದ ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು.

“ನಿನ್ನ ತೊಗಲು ನಾನು ಮೆತ್ತಗೆ ಮಾಡ್ತೀನಿ, ಬಾ.”

ನಾಲ್ಕು ಜನ ನಕ್ಕರು. ನಗು ಅಲ್ಲಲ್ಲೇ ಬತ್ತಿತು.

ಹದ ಎಂದರೆ ಎರಡು ಲೋಟ. ದಿನಾ ಬೆಳಿಗ್ಗೆ ಗುಂಡಿಗೆ ಇಳಿಯುವ ಮುಂಚೆ ಉಪ್ಪಿನ ಕೋಣೆಯ ಬಾಗಿಲಲ್ಲಿ ಮೇಸ್ತ್ರಿ ನಿಲ್ಲುತ್ತಾನೆ. ನೀಲಿ ಡ್ರಮ್ಮಿನಿಂದ ಅಂಚು ನೆಗ್ಗಿದ ಸ್ಟೀಲು ಲೋಟ ತುಂಬಿ ಕೊಡುತ್ತಾನೆ, ಒಬ್ಬೊಬ್ಬರಿಗೆ ಎರಡೆರಡು ಸಲ. ಖಾಲಿ ಹೊಟ್ಟೆಗೆ ಬೀಳುವ ಆ ಸಾರಾಯಿ ಮೊದಲು ಮೂಗನ್ನು ಕೊಲ್ಲುತ್ತದೆ, ಆಮೇಲೆ ಚರ್ಮದ ಉರಿಯನ್ನು. ‘ಒಲ್ಲೆ’ ಎಂದವನಿಗೆ ಅವತ್ತು ಗುಂಡಿಯಿಲ್ಲ. ಮನೆಗೆ ಹೋಗು ಎನ್ನುತ್ತಾನೆ ಮೇಸ್ತ್ರಿ. ಅಪ್ಪ ಅದನ್ನು ಇಪ್ಪತ್ತೊಂದು ವರ್ಷದಿಂದ ಕುಡಿಯುತ್ತಿದ್ದಾನೆ. ಆದರೆ ಅಪ್ಪ ಕುಡುಕನಲ್ಲ. ಅಂಗಡಿ ಮೆಟ್ಟಿಲು ಹತ್ತಿದವನಲ್ಲ, ಮನೆಗೊಂದು ಶೀಶೆ ತಂದವನಲ್ಲ, ಅಮ್ಮನ ಮೇಲೆ ಕೈ ಎತ್ತಿದವನಲ್ಲ. ‘ಕುಡಿಯೋರ ಸಾವಾಸ ನಮಗ್ಯಾಕೆ’ ಎನ್ನುತ್ತಲೇ ಮಗಳನ್ನು ಓದಿಸಿದವನು. ಡಿಗ್ರಿ ಮುಗಿದ ಮೇಲೆ ಆಫೀಸಿನಲ್ಲಿ ಬರೆಯುವ ಕೆಲಸ ಕೊಡಿಸಿ ಎಂದು ಇದೇ ಮೇಸ್ತ್ರಿಯ ಮುಂದೆ ಮೂರು ದಿನ ಕೈಕಟ್ಟಿ ನಿಂತವನು.

ಆ ಆಫೀಸಿನಲ್ಲೇ ಅವಳು ಮೊನ್ನೆ ಒಂದು ನೋಟೀಸು ಟೈಪು ಮಾಡಿದ್ದಳು. ತಪಾಸಣೆಯಲ್ಲಿ ರೋಗ ಕಂಡರೆ, ಅದು ಕೆಲಸದಿಂದ ಬಂದದ್ದಾದರೆ ಕಾರ್ಖಾನೆಯೇ ದೊಡ್ಡಾಸ್ಪತ್ರೆಗೆ ಸೇರಿಸತಕ್ಕದ್ದು. ಸ್ವಂತ ಚಟದಿಂದ ಬಂದದ್ದಾದರೆ ಟೋಕನ್ ವಾಪಸು. ಆ ಎರಡನೇ ಸಾಲು ಟೈಪು ಮಾಡುವಾಗ ಅವಳಿಗೆ ಅಪ್ಪನ ಕಾಲು ನೆನಪಾಗಿತ್ತು. ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತದೆ, ಎಷ್ಟೋ ಹೊತ್ತು ತುಂಬಿಕೊಳ್ಳುವುದೇ ಇಲ್ಲ.

ಡಾಕ್ಟರು ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕುರ್ಚಿ ಎಳೆದುಕೊಂಡು, ಚೀಲದಿಂದ ಒಂದು ಗಾಜಿನ ಗ್ಲಾಸು ತೆಗೆದು ಮೇಜಿನ ಮೇಲಿಟ್ಟರು. ತಳದಿಂದ ಎರಡು ಬೆರಳು ಮೇಲೆ ಕೆಂಪು ಗೆರೆ. ಹೂಜಿಯಿಂದ ಗೆರೆಯವರೆಗೂ ನೀರು ಸುರಿದು ಎತ್ತಿ ತೋರಿಸಿದರು.

“ನೋಡ್ರಪ್ಪ, ಕುಡೀಲೇಬೇಡಿ ಅಂತ ನಾನು ಹೇಳಲ್ಲ. ಕುಡಿಯದೆ ಇದ್ರೆ ಬಹಳ ಒಳ್ಳೇದು. ಬಿಡೋಕಾಗಲ್ಲ ಅನ್ನೋರು ಈ ಗೆರೆ ದಾಟಬಾರದು. ಖಾಲಿ ಹೊಟ್ಟೇಲಿ ಬೇಡ. ದಿನಾ ಬೇಡ. ಕೆಲಸಕ್ಕೆ ಮುಂಚೆಯಂತೂ ಬೇಡವೇ ಬೇಡ. ಗಂಡಸು ಅಂದ್ಮೇಲೆ ತನ್ನ ಮೇಲೆ ತನಗೆ ಹಿಡಿತ ಇರಬೇಕು. ಏನೇ ಮಾಡಿದ್ರೂ ಒಂದು ಹದ ಇರಬೇಕು. ಏನಿರಬೇಕು?”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಹದ ಸಾರ್,” ಎಂದ ರೇಡಿಯೊ. “ಎರಡು ಹದ.”

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವಳಿಗೂ ತುಟಿಯಂಚಿಗೆ ನಗು ಬಂತು, ಕಣ್ಣಿಗೆ ನೀರು ಬಂತು. ಡಾಕ್ಟರಿಗೆ ಅರ್ಥವಾಗಲಿಲ್ಲ. “ಇವರಿಗೆ ಬುದ್ಧಿ ಹೇಳೋದೂ ಒಂದೇ, ಎಮ್ಮೆಗೆ ಹೇಳೋದೂ ಒಂದೇ,” ಎಂದು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಹಲ್ಲು ಕಿರಿದು, ರೇಡಿಯೊನನ್ನು ಕಣ್ಣಲ್ಲೇ ಸುಟ್ಟ.

ಒಬ್ಬೊಬ್ಬರೇ ಬಂದರು. ಅವಳು ತಲೆಯೆತ್ತದೆ ಓದಿದಳು. “ನೀವು ಮದ್ಯಪಾನ ಮಾಡುತ್ತೀರಾ?”

“ಇಲ್ಲ ಕಣಮ್ಮ.”

“ನೀವು?”

“ಅಯ್ಯೋ, ಮುಟ್ಟಲ್ಲ ತಾಯಿ.”

ರೇಡಿಯೊ ಮೇಜಿಗೆ ಬಗ್ಗಿ, “ಕುಡೀತೀನಿ ಕಣವ್ವ. ವಾರಕ್ಕೊಂದಿನ, ರಜದ ದಿವಸ. ನನ್ನ ಹೆಂಡ್ತಿಗೆ ಮಾತ್ರ ಹೇಳ್ಬೇಡ,” ಎಂದ. ದಿನದ ಎರಡು ಲೋಟ ಅವನ ಲೆಕ್ಕಕ್ಕೂ ಬಂದಿರಲಿಲ್ಲ. ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಹೆಬ್ಬೆಟ್ಟು ಒತ್ತಲು ಚಾಚಿದ ಕೈಗಳು ಮಾತ್ರ ಗಡಗಡ ನಡುಗುತ್ತಿದ್ದವು. ಒಂದು ಬೆಳಿಗ್ಗೆ ಹದ ತಪ್ಪಿದ್ದಕ್ಕೆ ನಲವತ್ತು ಜೊತೆ ಕೈ ನಡುಗುತ್ತಿತ್ತು. ಫಾರಮ್ಮುಗಳ ಮೇಲೆ ಶಾಯಿ ಅಡ್ಡಾದಿಡ್ಡಿ ಮೆತ್ತಿಕೊಂಡಿತು. ಅವಳು ‘ಇಲ್ಲ’ ಎಂಬಲ್ಲಿ ಗುರುತು ಹಾಕುತ್ತಲೇ ಹೋದಳು.

“ಇಪ್ಪತ್ತಮೂರು!”

ಅಪ್ಪ ಬಂದ. ಅವಳ ಕಡೆ ನೋಡಲಿಲ್ಲ. ಯಾರೋ ಏನೋ ಎನ್ನುವ ಹಾಗೆ ನಿಂತ. ಮಗಳ ಮರ್ಯಾದೆ ಉಳಿಸುವುದಕ್ಕೇ ಹಾಗೆ ನಿಂತಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

“ನೀ...” ಎಂದಳು. ಮುಂದಿನ ಅಕ್ಷರ ಗಂಟಲಲ್ಲೇ ಉಳಿಯಿತು.

“ಇಲ್ಲಮ್ಮ,” ಎಂದ ಅಪ್ಪ, ಪ್ರಶ್ನೆಗೆ ಮುಂಚೆಯೇ. “ನಾನು ಕುಡಿಯಲ್ಲ. ಬರ್ಕೊಳ್ಳಿ.”

ಬರ್ಕೊಳ್ಳಿ. ಅಪ್ಪ ಅವಳಿಗೆ ಬಹುವಚನ ಹಚ್ಚಿದ್ದ.

ಡಾಕ್ಟರು ಅವನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. ಹೊಟ್ಟೆ ತಟ್ಟಿದರು. ಕಾಲು ಒತ್ತಿದರು. ಗುಳಿ ಬಿತ್ತು.

“ಕೈ ಚಾಚು.”

ಬಿಳಿಚಿ ಬಿರುಕು ಬಿಟ್ಟ ಅಂಗೈಗಳು ಗಾಳಿಗೆ ಸಿಕ್ಕ ಕಾಗದದ ಹಾಗೆ ಅಲುಗಿದವು.

“ಯಾವಾಗಿನಿಂದ ಈ ನಡುಕ?”

“ರಜದ ದಿವಸ ಮಾತ್ರ ಸಾರ್. ಕೆಲಸಕ್ಕೆ ಬಂದ್ರೆ ಸರಿಹೋಗ್ತದೆ. ದುಡಿಯೋ ಮೈ ಅಲ್ವಾ, ಸುಮ್ನೆ ಕೂತ್ರೆ ಕೆಡ್ತದೆ.”

“ಎಲಾ ನನ್ಮಗನೆ!” ಡಾಕ್ಟರು ಕರವಸ್ತ್ರ ತೆಗೆದೇ ನಕ್ಕರು. “ಲಿವರ್ರು ಕೊಳೆತು ನಾರ್ತಾ ಇದೆ, ಕುಡಿಯಲ್ಲ ಅಂತಾನೆ! ಎಷ್ಟು ಎಳೀತೀಯೋ ದಿನಕ್ಕೆ? ಬಾಯಿ ಬಿಡು.”

“ಇಲ್ಲ ಸಾರ್. ನನ್ನ ಮಗಳಾಣೆ.”

“ಇಂಥ ಅಪ್ಪನಿಗೆ ಹುಟ್ಟಿಯೂ ಆ ಹುಡುಗಿ ಇನ್ನೂ ಬದುಕಿದ್ರೆ ಪುಣ್ಯ. ಮಗಳ ಮೇಲೆ ಸುಳ್ಳಾಣೆ ಇಡ್ತೀಯಲ್ಲೋ, ನಾಚಿಕೆ ಆಗಲ್ವಾ?”

ಅಪ್ಪನ ಮುಖ ಸುಣ್ಣದ ಹಾಗಾಯಿತು. ಬೈಗುಳಕ್ಕೆ ಅವನು ಬಗ್ಗುವವನಲ್ಲ, ಬೈಗುಳ ಅವನಿಗೆ ಗಾಳಿ ಇದ್ದ ಹಾಗೆ. ಆದರೆ ಸುಳ್ಳ ಅನ್ನಿಸಿಕೊಂಡು ಅಭ್ಯಾಸವಿರಲಿಲ್ಲ. ಏನು ತಪ್ಪು ಹೇಳಿದೆ ಎಂದು ಹುಡುಕುವವನಂತೆ ತನ್ನ ಕೈಗಳನ್ನೇ ನೋಡಿಕೊಂಡ.

“ಬರೀಮ್ಮ,” ಎಂದರು ಡಾಕ್ಟರು ಅವಳಿಗೆ. “ರೋಗದ ಕಾರಣ: ಸ್ವಂತ ಚಟ. ಪಕ್ಕದಲ್ಲಿ ಬರಿ, ಮುಚ್ಚಿಡುತ್ತಾನೆ.”

ಮೇಸ್ತ್ರಿ ಆಗಲೇ ಕೈ ಚಾಚಿದ್ದ. “ಬಿಚ್ಚೋ ಟೋಕನ್ನು. ನಿನ್ನ ಮುಖ ನೋಡಿ ಆ ಹುಡುಗೀಗೆ ಕುರ್ಚಿ ಕೊಡಿಸಿದ್ನಲ್ಲ, ನನ್ನ ಮೆಟ್ಟಲ್ಲಿ ನಾನೇ ಹೊಡ್ಕೋಬೇಕು.” ಆಮೇಲೆ ಅವಳತ್ತ ಬಗ್ಗಿ, ಮೆತ್ತಗೆ, “ಬರಿ ಮಗಳೇ. ನಿನ್ನ ಕೆಲಸವಾದ್ರೂ ಉಳೀಲಿ,” ಎಂದ.

ಅಪ್ಪ ಕೊರಳ ದಾರದ ಗಂಟಿಗೆ ಕೈಹಾಕಿದ. ಬೆರಳು ನಡುಗಿ ಗಂಟು ಬಿಚ್ಚಲಾಗಲಿಲ್ಲ. ಮತ್ತೆ ಹಾಕಿದ. ಮತ್ತೆ ಜಾರಿತು.

ಪೆನ್ನಿನ ಮೊನೆ ಕಾಗದ ಮುಟ್ಟಿತ್ತು. ‘ಸ್ವ’ ಎಂದು ಬರೆದಾಗಿತ್ತು. ಅವಳು ಅದನ್ನು ನೋಡಿದಳು. ತನ್ನದೇ ಅಕ್ಷರ, ಡೈರಿಯಲ್ಲಿರುವಂಥದೇ ದುಂಡು ಅಕ್ಷರ.

ಅವಳು ಎದ್ದಳು. ಕುರ್ಚಿ ಕಿರ್ರೆಂದಿತು. ತಲೆ ತಗ್ಗಿಸಿಕೊಂಡೇ ಸಾಲನ್ನು ದಾಟಿ ಉಪ್ಪಿನ ಕೋಣೆಗೆ ಹೋದಳು. “ಏಯ್, ಎಲ್ಲಿಗೆ?” ಎಂದ ಮೇಸ್ತ್ರಿ. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಸಾಲು ಹೇಗೋ ಸ್ವಲ್ಪ ಮುಂದಕ್ಕೆ ಬಂದು ಅವನ ದಾರಿಗೆ ಅಡ್ಡವಾಗಿತ್ತು. “ಸರ್ಕೊಳ್ರೋ!” ಎಂದರೆ ರೇಡಿಯೊ, “ನೆಟ್ಟಗೆ ನಿಂತ್ಕೊಳ್ರೋ ಅಂದ್ರಲ್ಲ ಮೇಸ್ತ್ರಿ, ನಿಂತಿದೀವಿ,” ಎಂದ. ಯಾರೂ ಸರಿಯಲಿಲ್ಲ.

ಅವಳು ವಾಪಸು ಬಂದಾಗ ಕೈಯಲ್ಲಿ ಅಂಚು ನೆಗ್ಗಿದ ಸ್ಟೀಲು ಲೋಟವಿತ್ತು. ತಳದಲ್ಲಿ ನಿನ್ನೆಯದು ನಾಲ್ಕು ಹನಿ ಉಳಿದು, ಅದರ ಘಾಟು ಗುಂಡಿಯ ನಾತವನ್ನೂ ಸೀಳಿ ಬರುತ್ತಿತ್ತು. ಲೋಟವನ್ನು ಮೇಜಿನ ಮೇಲಿಟ್ಟಳು. ಡಾಕ್ಟರ ಗ್ಲಾಸೆತ್ತಿ, ಕೆಂಪು ಗೆರೆಯವರೆಗಿದ್ದ ನೀರನ್ನು ಅದಕ್ಕೆ ಸುರಿದಳು.

ಲೋಟದ ತಳ ಮುಳುಗಿತು, ಅಷ್ಟೇ.

ಡಾಕ್ಟರು ಲೋಟದೊಳಗೆ ನೋಡಿದರು. ಮೂಗಿನ ಹತ್ತಿರ ತಂದು, ಥಟ್ಟನೆ ಹಿಂದಕ್ಕೆ ಸರಿದರು. “ಏನಿದು? ಯಾರದಿದು?”

ಅಪ್ಪ ಬೇಡ ಎನ್ನುವಂತೆ ತಲೆಯಾಡಿಸುತ್ತಿದ್ದ. ಅವಳು ಅವನನ್ನೇ ನೋಡಿದಳು, ಅಂದು ಮೊದಲ ಸಲ, ಎಲ್ಲರ ಎದುರಿಗೆ.

“ನಮ್ಮಪ್ಪ ಕುಡಿಯಲ್ಲ ಸಾರ್,” ಎಂದಳು. “ಕುಡಿಸ್ತಾರೆ.”