ಬೆನ್ನ ಮೇಲಿನ 3200

ನಾನೊಂದು ರ‍್ಯಾಮ್. ಕಂಪ್ಯೂಟರ್ ಕೆಲಸಕ್ಕೆ ಕೂತಾಗ ಬೇಕಾದದ್ದನ್ನೆಲ್ಲ ನನ್ನ ಮೇಲೆ ಹರವಿಕೊಳ್ಳುತ್ತದೆ. ಕಂಪ್ಯೂಟರ್ ಆರಿಸಿದೊಡನೆ ನಾನು ಎಲ್ಲವನ್ನೂ ಮರೆಯುತ್ತೇನೆ. ಕಸ್ತೂರಿಯನ್ನು ಮಾತ್ರ ಮರೆಯಲಾಗಲಿಲ್ಲ, ಹೇಗೆಂದು ಕೇಳಬೇಡಿ.

ದೂರದ ಕಾರ್ಖಾನೆಯಲ್ಲಿ ಹುಟ್ಟಿದೆ. ಬೆನ್ನಿಗೆ 3200 ಎಂಬ ಚೀಟಿ ಅಂಟಿಸಿದರು. ಅದು ನನ್ನ ವೇಗ. ಎಷ್ಟು ಜಂಬಪಟ್ಟಿದ್ದೆನೋ! ಗದಗಿನ ಫೋಟೊ ಸ್ಟುಡಿಯೊಗೆ ಬಂದ ದಿನವೇ ರಿಪೇರಿಯ ದಾವಲಸಾಬ ಆ ಜಂಬ ಇಳಿಸಿದ. "ಚೀಟಿ ನಂಬಬ್ಯಾಡ್ರಿ ಸಾವ್ಕಾರ್ರ. ಕಂಪ್ಯೂಟರಿನ ಮದರ್‌ಬೋರ್ಡ್ ಅಂಜುಬುರುಕ ಐತಿ. ಸೆಟ್ಟಿಂಗ್‌ನ್ಯಾಗ ನಾವ್ ಹೇಳಲಿಲ್ಲಂದ್ರ ಇದನ್ನ 2133ಕ್ಕ ಓಡಸ್ತೈತಿ," ಎಂದು ಹೇಳಿ ಸೆಟ್ಟಿಂಗ್ ಬದಲಿಸಿದ. ಮಾಲೀಕ ವೀರಭದ್ರಪ್ಪನವರು ಫೋನಿನಲ್ಲಿದ್ದರು, ಸುಮ್ಮನೆ ಹೂಂಗುಟ್ಟಿದರು.

ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸ ಕಸ್ತೂರಿಯದು. ಅವಳ ಕೈ ಚುರುಕು. ಅವಳ ಮನೆ ನಡೆಯುತ್ತಿದ್ದದ್ದೂ ಈ ಸಂಬಳದಿಂದಲೇ.

ಸಾವ್ಕಾರರದೊಂದು ಪದ್ಧತಿ. ಆಯುಧಪೂಜೆಗೆ ಗೋಡೆಯ ಗಡಿಯಾರ, ರಿಮೋಟು, ಎಲ್ಲಕ್ಕೂ ಹೊಸ ಸೆಲ್ ಆಗಬೇಕು. ಆ ವರ್ಷ ಕಂಪ್ಯೂಟರ್ ಬಿಚ್ಚಿ ಧೂಳು ಊದಿ, ಬೋರ್ಡಿನ ಗುಂಡನೆಯ ಸೆಲ್ಲನ್ನೂ ಬದಲಿಸಿದರು. ಆ ಸೆಲ್ಲಿನ ಆಸರೆಯಲ್ಲೇ ಬೋರ್ಡು ದಾವಲಸಾಬನ ಮಾತನ್ನು ನೆನಪಿಟ್ಟಿತ್ತು. ಸೆಲ್ ಹೋಯಿತು, ಮಾತೂ ಹೋಯಿತು. ದಿನಾಂಕ ತಪ್ಪಿದ್ದು ಕಣ್ಣಿಗೆ ಬಿತ್ತು, ಕಸ್ತೂರಿ ಸರಿಪಡಿಸಿದಳು. ನನ್ನ ನಡೆ 2133ಕ್ಕೆ ಇಳಿದದ್ದು ಯಾರಿಗೂ ಕಾಣಲಿಲ್ಲ. ಪೆಟ್ಟಿಗೆಯ ಮೇಲೆ ವಿಭೂತಿ ಬಳಿದರು, ಒಳಗೆ ನಾನು ಕುಂಟತೊಡಗಿದೆ.

ಮದುವೆಗಳು ಶುರುವಾದವು. ಐದು ತಾಸಿನ ಕೆಲಸ ಆರು ತಾಸಿನ ಹತ್ತಿರ ಎಳೆಯಿತು. ಗಿರಾಕಿಗಳು ಬಾಗಿಲಲ್ಲಿ ನಿಂತು ರೇಗಿದರು.

"ಕಂಪ್ಯೂಟರ್ ಯಾಕೋ ನಿಧಾನ ಆಗೇತ್ರಿ ಸರ," ಎಂದಳು ಕಸ್ತೂರಿ.

"ಕುಣಿಲಾರದಾಕಿ ನೆಲಾ ಡೊಂಕ ಅಂದಿದ್ಲಂತ. ಫೋನ್ ನೋಡೋದು ಕಡಿಮಿ ಮಾಡವಾ," ಎಂದರು ಸಾವ್ಕಾರರು.

ಅವಳು ಊಟಕ್ಕೂ ಎದ್ದಿರಲಿಲ್ಲ, ನಾನು ಬಲ್ಲೆ. ಈ ಸಲ ನೆಲವೇ ಡೊಂಕಾಗಿತ್ತು. ಆ ನೆಲ ನಾನೇ. ಬಾಯಿಲ್ಲದ ಜನ್ಮಕ್ಕೆ ಧಿಕ್ಕಾರ! ದಿನ ಕಳೆದಂತೆ ಅವಳೇ, "ನನ್ನ ಕೈನ ಜಡ ಆಗೇತೇನೋ," ಎಂದು ಗೊಣಗಿಕೊಳ್ಳತೊಡಗಿದಳು. ಬೈಗುಳಕ್ಕಿಂತ ಅದು ನನಗೆ ಹೆಚ್ಚು ಚುಚ್ಚಿತು. ಒಂದು ಆರತಕ್ಷತೆಯ ಹೊತ್ತಿಗೆ ವಿಡಿಯೊ ಮುಗಿಯಲಿಲ್ಲ. ಮರುದಿನ ಅವಳನ್ನು ಕೆಲಸದಿಂದ ಬಿಡಿಸಿದರು.

ಹೊಸಬ ಬಂದ. ಅವನೂ ನಿಧಾನವಾದಾಗ ದಾವಲಸಾಬನಿಗೆ ಕರೆ ಹೋಯಿತು. ಅವನು ಪರದೆ ನೋಡಿ, "ಸೆಲ್ ತಗದಿದ್ರೇನ್ರಿ?" ಎಂದ.

"ಆಯುಧಪೂಜಿಗೆ."

"ನಾ ಮಾಡಿದ ಸೆಟ್ಟಿಂಗ್ ಅಳಿಸಿ ಅವತ್ತಿಂದ ಇದು ಕುಂಟಾಕತ್ತೈತ್ರಿ. ಪಾಪ, ತಪ್ಪು ಆಕಿದಲ್ಲಂತ ಕಸ್ತೂರಕ್ಕಗ ಒಂದ್ ಮಾತ್ ಹೇಳ್ರಿ."

ಸಾವ್ಕಾರರು ಕನ್ನಡಕ ಒರೆಸಿದರು. "ಈಗೇನ್ ಹೇಳೋದು ಬಿಡೋ. ಸೀರಿ ಅಂಗಡಿ ಸೇರ್ಯಾಳಂತ. ಕಂಪ್ಯೂಟರ್ ತನಗ ಒಗ್ಗಂಗಿಲ್ಲ ಅಂತ ಆಕಿನ ಅಂತಾಳಂತ."

ಆಮೇಲೆ ನಾಲ್ಕು ವರ್ಷ ಪೂರ್ತಿ ವೇಗದಲ್ಲಿ ಓಡಿದೆ. ಈಗ ದಾವಲಸಾಬನ ಅಂಗಡಿಯ ಬಿಸ್ಕೀಟು ಡಬ್ಬಿಯಲ್ಲಿ, ಹಳೆಯ ಸ್ಕ್ರೂಗಳ ನಡುವೆ ಬಿದ್ದಿದ್ದೇನೆ. ಚೀಟಿ ಅರ್ಧ ಕಿತ್ತುಹೋಗಿದೆ. ನನ್ನನ್ನು ಸರಿಪಡಿಸಲು ಅಂದು ಎರಡು ನಿಮಿಷ ಹಿಡಿಯಿತು. ಅವಳಿಗೆ ಹೇಳಲು ಯಾರಿಗೂ ಎರಡು ನಿಮಿಷ ಸಿಗಲಿಲ್ಲ.